ಧಾರವಾಡದ ಕಲ್ಲು, ಜಮಖಂಡಿಯ ಗ್ರಹಣ

ಸೂರ್ಯನ ಶಾಖದ ಮೂಲ ಯಾವುದು ಎಂಬುದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಕ್ಕೆ ಬಿಡಿಸಲಾಗದ ಒಗಟಾಗಿತ್ತು. ಆ ಒಗಟು ಬಿಡಿಸುವುದಕ್ಕೆ ದೂರದರ್ಶಕದ ಹಿಂದೆ ನಿಂತು ಆಕಾಶವನ್ನು ನೋಡಿದವರು ಎಷ್ಟು ಕಾರಣರೋ, ಸುತ್ತಿಗೆ ಹಿಡಿದು ಗುಡ್ಡ ಹತ್ತಿ ಕಲ್ಲನ್ನು ಓದಿದವರೂ ಅಷ್ಟೇ ಕಾರಣರು. ಈ ಎರಡು ಬಗೆಯ ಕೆಲಸದಲ್ಲಿಯೂ ಉತ್ತರ ಕರ್ನಾಟಕಕ್ಕೆ, ಅಂದರೆ ಆಗಿನ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೂ ಅದರ ಆಸುಪಾಸಿನ ಸಂಸ್ಥಾನಗಳಿಗೂ, ಪಠ್ಯಪುಸ್ತಕಗಳಲ್ಲಿ ಕಾಣುವುದಕ್ಕಿಂತ ದೊಡ್ಡ ಪಾಲು ಸಲ್ಲಬೇಕು. 1868ರಲ್ಲಿ ಜಮಖಂಡಿಯ ಮೋಡಗಳ ಸಂದಿನಲ್ಲಿ ಕಂಡ ಒಂದು ಬೆಳಕಿನ ಗೆರೆ, 1880ರ ದಶಕದಲ್ಲಿ ಧಾರವಾಡದ ಹೆಸರು ಪಡೆದ ಒಂದು ಶಿಲಾಸಮೂಹ, 1980ರಲ್ಲಿ ಹುಬ್ಬಳ್ಳಿಯ ಮೇಲೆ ಹಾದುಹೋದ ಚಂದ್ರನ ನೆರಳು, ಇವು ಬೇರೆ ಬೇರೆ ಕಾಲದ, ಬೇರೆ ಬೇರೆ ಶಾಸ್ತ್ರಗಳಿಗೆ ಸೇರಿದ ಸಂಗತಿಗಳಾಗಿ ತೋರಿದರೂ ಒಂದೇ ಚರಿತ್ರೆಯ ಅಧ್ಯಾಯಗಳು.

ಆ ಕಾಲದ ತೊಡಕನ್ನು ಮೊದಲು ಅರಿಯಬೇಕು. ಉರಿಯುವುದೆಂದರೆ ಆಗ ಎಲ್ಲರಿಗೂ ತಿಳಿದಿದ್ದುದು ಕಟ್ಟಿಗೆ, ಎಣ್ಣೆ, ಕಲ್ಲಿದ್ದಲು ಉರಿಯುವ ಬಗೆ ಮಾತ್ರ. ಸೂರ್ಯನಷ್ಟು ದೊಡ್ಡ ಕಲ್ಲಿದ್ದಲಿನ ರಾಶಿಗೆ ಬೆಂಕಿ ಹಚ್ಚಿ, ಸೂರ್ಯ ಸೂಸುವಷ್ಟೇ ಶಾಖವನ್ನು ಅದರಿಂದ ಪಡೆಯುತ್ತ ಹೋದರೆ, ಆ ರಾಶಿ ಸುಮಾರು ಐದು ಸಾವಿರ ವರ್ಷಗಳಲ್ಲಿ ಬೂದಿಯಾಗುತ್ತದೆ ಎಂದು ಲೆಕ್ಕ ಹೇಳುತ್ತಿತ್ತು. ಮನುಷ್ಯನ ಲಿಖಿತ ಚರಿತ್ರೆಗೇ ಸಾಲದ ಅವಧಿ ಅದು. ಆದ್ದರಿಂದ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮತ್ತು ಬ್ರಿಟನ್ನಿನ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವರು) ಬೇರೊಂದು ದಾರಿ ಹುಡುಕಿದರು: ಸೂರ್ಯ ತನ್ನದೇ ಭಾರಕ್ಕೆ ಮೆಲ್ಲಮೆಲ್ಲನೆ ಕುಗ್ಗುತ್ತಿದ್ದಾನೆ, ಕುಗ್ಗುವಾಗ ಒಳಗಿನ ಅನಿಲ ಒತ್ತಿಕೊಂಡು ಬಿಸಿಯಾಗುತ್ತದೆ, ಆ ಬಿಸಿಯೇ ಬಿಸಿಲಾಗಿ ಹೊರಬೀಳುತ್ತದೆ. ಈ ಲೆಕ್ಕದ ಮೇಲೆ ಕೆಲ್ವಿನ್ 1862ರಲ್ಲಿ ಸೂರ್ಯ ಭೂಮಿಯನ್ನು ಬೆಳಗುತ್ತಿರುವುದು ಬಹುಶಃ 10 ಕೋಟಿ ವರ್ಷಗಳಿಂದೀಚೆಗೆ, 50 ಕೋಟಿಯನ್ನಂತೂ ಅದು ಮೀರಲಾರದು ಎಂದು ಬರೆದರು. ಮುಂದೆ ಭೂಮಿಯ ವಯಸ್ಸನ್ನು 2ರಿಂದ 4 ಕೋಟಿ ವರ್ಷಗಳಿಗೆ ಇಳಿಸಿದರು. ಭೂವಿಜ್ಞಾನಿಗಳಿಗೆ ಈ ಸಂಖ್ಯೆಗಳು ಇಕ್ಕಟ್ಟನ್ನು ತಂದವು. ಪರ್ವತಗಳು ಸವೆದು, ಮಣ್ಣಾಗಿ, ಹೊಳೆಗಳಲ್ಲಿ ಹರಿದು, ಕಡಲ ತಳದಲ್ಲಿ ಪದರ ಪದರವಾಗಿ ಕೂತು ಮತ್ತೆ ಕಲ್ಲಾಗಲು ಬೇಕಾದ ಕಾಲ ಕೆಲ್ವಿನ್ನರ ಅಳತೆಯೊಳಗೆ ಹಿಡಿಸುತ್ತಿರಲಿಲ್ಲ. ಇಂಗ್ಲೆಂಡಿನ ಒಂದು ಕಣಿವೆ ಸವೆಯಲು 30 ಕೋಟಿ ವರ್ಷ ಬೇಕಾಗಿರಬೇಕೆಂದು 1859ರಲ್ಲಿ ಅಂದಾಜು ಮಾಡಿದ್ದ ಚಾರ್ಲ್ಸ್ ಡಾರ್ವಿನ್ ತಮ್ಮ ಗ್ರಂಥದ ಮುಂದಿನ ಮುದ್ರಣಗಳಲ್ಲಿ ಆ ಮಾತನ್ನೇ ಕೈಬಿಟ್ಟರು. ಹೀಗೆ ಸೂರ್ಯನ ಲೆಕ್ಕಕ್ಕೂ ಕಲ್ಲಿನ ಲೆಕ್ಕಕ್ಕೂ ಹೊಂದಾಣಿಕೆಯಾಗದ ಸ್ಥಿತಿಯಲ್ಲಿ 1868ರ ಗ್ರಹಣ ಬಂತು.

1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ಕೊಂಕಣದ ಕರಾವಳಿಯಿಂದ ಬಿಜಾಪುರ ಸೀಮೆಯ ಮೇಲೆ ಹಾದು ಗುಂಟೂರು, ಮಚಲೀಪಟ್ಟಣಗಳ ಕಡೆಗೆ ಸಾಗಿತು. ಸೂರ್ಯಬಿಂಬ ಪೂರ್ತಿ ಮುಚ್ಚಿದ ಸ್ಥಿತಿ ಈ ದಾರಿಯಲ್ಲಿ ಸುಮಾರು ಐದು ನಿಮಿಷ ಇರುತ್ತದೆಂದು ಮೊದಲೇ ಗುಣಿಸಲಾಗಿತ್ತು. ಇಷ್ಟು ದೀರ್ಘವಾದ ಗ್ರಹಣ ಅಪರೂಪ. ಅದಕ್ಕಿಂತ ಮುಖ್ಯವಾಗಿ, ಗ್ರಹಣವನ್ನು ನೋಡುವುದಕ್ಕೆ ಆ ಹೊತ್ತಿಗೆ ಹೊಸದೊಂದು ಸಾಧನ ಸಿದ್ಧವಾಗಿತ್ತು. ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ ಅದರ ಬಣ್ಣಗಳನ್ನು ಸಾಲಾಗಿ ಬಿಡಿಸಿದರೆ ರೋಹಿತ ಎನ್ನುವ ಪಟ್ಟಿ ಸಿಗುತ್ತದೆ. ಕಾಯಿಸಿದ ಪ್ರತಿಯೊಂದು ಅನಿಲವೂ ಆ ಪಟ್ಟಿಯಲ್ಲಿ ತನಗೇ ಮೀಸಲಾದ ಜಾಗಗಳಲ್ಲಿ ಹೊಳೆಯುವ ಗೆರೆಗಳನ್ನು ಮೂಡಿಸುತ್ತದೆ. ಈ ಗೆರೆಗಳನ್ನು ನೋಡುವ ಉಪಕರಣವೇ ರೋಹಿತದರ್ಶಕ. ಮನುಷ್ಯ ಎಂದೂ ಮುಟ್ಟಲಾರದ ಸೂರ್ಯನಲ್ಲಿ ಏನೇನಿದೆ ಎಂಬುದನ್ನು ಅವನ ಬೆಳಕಿನಿಂದಲೇ ಓದುವ ವಿದ್ಯೆ ಅದು.

ಲಂಡನ್ನಿನ ರಾಯಲ್ ಸೊಸೈಟಿ ತನ್ನ ಉಪಕರಣಗಳನ್ನು ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಗೆ ಕಳುಹಿಸಿತು. ಅಲ್ಲಿನ ತಂಡದ ಹೊಣೆ ಹೊತ್ತವರು ಭಾರತದ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ಕೆಲಸಮಾಡುತ್ತಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗನಾದ ಈತ ದೂರದರ್ಶಕಗಳ ನಡುವೆಯೇ ಬೆಳೆದ ಮನೆತನದವರು. ಕ್ಯಾಪ್ಟನ್ ಹೇಗ್ ಎಂಬ ಇನ್ನೊಬ್ಬ ಅಧಿಕಾರಿ ಬಿಜಾಪುರದಲ್ಲಿ ಬೀಡುಬಿಟ್ಟರು. ಆಗಸ್ಟ್ ಎಂದರೆ ಈ ಸೀಮೆಯಲ್ಲಿ ಮುಂಗಾರಿನ ಮೋಡಗಳು ಓಡಾಡುವ ಕಾಲ. ಜಮಖಂಡಿಯಲ್ಲಿ ಅಂದು ಆಕಾಶ ತೆರೆಯುವುದೂ ಮುಚ್ಚುವುದೂ ನಡೆದೇ ಇತ್ತು. ಎಷ್ಟೋ ತಿಂಗಳ ಸಿದ್ಧತೆಯ ಫಲವೆಲ್ಲ ಮೋಡದ ಒಂದು ಬಿರುಕಿನ ಮೇಲೆ ನಿಂತಿತ್ತು. ಆ ಬಿರುಕು ಸಿಕ್ಕಿತು. ಕಪ್ಪಾದ ಬಿಂಬದ ಅಂಚಿನಲ್ಲಿ ಜ್ವಾಲೆಯಂತೆ ಚಾಚಿದ್ದ ಒಂದು ಭಾಗದ ಮೇಲೆ ಹರ್ಷೆಲ್ ತಮ್ಮ ರೋಹಿತದರ್ಶಕವನ್ನು ನಿಲ್ಲಿಸಿದಾಗ ಮೂರು ಗೆರೆಗಳು ಝಗ್ಗನೆ ಹೊಳೆದವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಜ್ವಾಲೆಯಂಥ ಆ ಚಾಚಿಕೆಗಳು ಉರಿಯುವ ಅನಿಲವೆಂಬುದು ಇದರಿಂದ ಖಚಿತವಾಯಿತು. ಕೆಂಪು ಮತ್ತು ನೀಲಿ ಗೆರೆಗಳು ಜಲಜನಕದವು. ಕಿತ್ತಳೆಯ ಗೆರೆ ಸೋಡಿಯಂ ಮೂಡಿಸುವ ‘ಡಿ’ ಗೆರೆಗಳ ಜಾಗದ ಹತ್ತಿರವೇ ಇದ್ದುದರಿಂದ ಅದು ಸೋಡಿಯಂನದೇ ಇರಬೇಕೆಂದು ಅವರು ಬಗೆದರು. ಅವರ ಉಪಕರಣ ಅಳೆಯಬಲ್ಲ ನಯಕ್ಕೆ ಆ ತೀರ್ಮಾನ ಸಹಜವಾಗಿತ್ತು. ಅದೇ ಗ್ರಹಣವನ್ನು ಆಂಧ್ರದ ಕರಾವಳಿಯಲ್ಲಿ ನೋಡಿದವರಲ್ಲಿ ಕೆಲವರೂ ಹಾಗೆಯೇ ತಿಳಿದರು.

ಗುಂಟೂರಿನಲ್ಲಿದ್ದ ಫ್ರಾನ್ಸಿನ ಪಿಯರ್ ಜಾನ್ಸೆನ್ ಆ ಗೆರೆಗಳು ಎಷ್ಟು ಪ್ರಖರವಾಗಿದ್ದವೆಂದರೆ ಗ್ರಹಣವಿಲ್ಲದೆಯೂ ಅವನ್ನು ನೋಡಬಹುದೆಂದು ಅರಿತು ಮರುದಿನವೇ ನೋಡಿದರು. ಎರಡು ತಿಂಗಳ ಮೇಲೆ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಕೂಡ ಸ್ವತಂತ್ರವಾಗಿ ಇದೇ ಕ್ರಮವನ್ನು ಕಂಡುಕೊಂಡು, ಕಿತ್ತಳೆ-ಹಳದಿಯ ಗೆರೆ ಸೋಡಿಯಂನದಲ್ಲ, ಭೂಮಿಯ ಮೇಲೆ ಗೊತ್ತಿರುವ ಯಾವ ವಸ್ತುವಿನದೂ ಅಲ್ಲ ಎಂಬ ತೀರ್ಮಾನಕ್ಕೆ ಬಂದರು. ಗ್ರೀಕರ ಸೂರ್ಯದೇವತೆಯ ಹೆಸರಿನಿಂದ ಆ ವಸ್ತುವಿಗೆ ಹೀಲಿಯಂ ಎಂಬ ಹೆಸರು ಬಂತು. ಹೀಲಿಯಂ ಕಂಡ ಕೀರ್ತಿಯನ್ನು ಜಾನ್ಸೆನ್ ಮತ್ತು ಲಾಕ್ಯರ್ ಇಬ್ಬರಿಗೇ ಹಂಚಿ ಜಮಖಂಡಿಯನ್ನು ಮರೆಯುವುದು ರೂಢಿಯಾಗಿದೆ. ಆದರೆ ಗ್ರಹಣದ ದಿನ ಆ ಗೆರೆಯನ್ನು ಗುರುತಿಸಿ, ಅದರ ಜಾಗವನ್ನು ಅಳೆಯಲು ಯತ್ನಿಸಿ ದಾಖಲಿಸಿದವರಲ್ಲಿ ಹರ್ಷೆಲ್ ಒಬ್ಬರು. ಸೂರ್ಯ ತಯಾರಿಸುವ ವಸ್ತುವನ್ನು ಮನುಷ್ಯ ಮೊದಲ ಸಲ ಕಂಡ ತಾಣಗಳಲ್ಲಿ ಜಮಖಂಡಿಗೆ ಸ್ಥಾನ ಸಲ್ಲಲೇಬೇಕು.

ಲಾಕ್ಯರ್ ಸ್ವತಃ 1871ರ ಡಿಸೆಂಬರ್ 12ರ ಖಗ್ರಾಸ ಗ್ರಹಣಕ್ಕಾಗಿ ಕಡಲು ದಾಟಿ ಬಂದು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನ ಬೇಕಲ ಕೋಟೆಯಲ್ಲಿ ತಮ್ಮ ಉಪಕರಣಗಳನ್ನು ಹೂಡಿದರು. ಕೆಳದಿ ನಾಯಕರು ಕಟ್ಟಿಸಿದ ಕೋಟೆಯಿಂದ ಅವರು ನೋಡಿದ್ದು ಸೂರ್ಯನ ಹೊರವಲಯವಾದ ಕರೋನಾವನ್ನು, ಅಂದರೆ ಗ್ರಹಣದಲ್ಲಿ ಮಾತ್ರ ಕಣ್ಣಿಗೆ ಬೀಳುವ ಬೆಳ್ಳಿಯ ಬಣ್ಣದ ಪ್ರಭೆಯನ್ನು. ಹೀಲಿಯಂ ಭೂಮಿಯ ಮೇಲೆ ಸಿಕ್ಕಿದ್ದು ಬಹಳ ತಡವಾಗಿ, 1895ರಲ್ಲಿ. ವಿಲಿಯಂ ರಾಮ್ಸೆ ಅದನ್ನು ಯುರೇನಿಯಂ ಇರುವ ಒಂದು ಖನಿಜದೊಳಗಿಂದ ಹೊರತೆಗೆದರು. ಕಲ್ಲೊಳಗೆ ಸೂರ್ಯನ ಅನಿಲ ಹೇಗೆ ಬಂತೆಂಬುದು ಆಗ ಯಾರಿಗೂ ತಿಳಿಯದಿದ್ದರೂ, ಕಲ್ಲಿನ ವಯಸ್ಸನ್ನು ತಿಳಿಯುವ ದಾರಿ ಆ ಪ್ರಶ್ನೆಯ ಹಿಂದೆಯೇ ಅಡಗಿತ್ತು.

ಇದೇ ಕಾಲದಲ್ಲಿ ಧಾರವಾಡ ಜಿಲ್ಲೆಯ ಗುಡ್ಡಗಳನ್ನು ಒಬ್ಬ ಭೂವಿಜ್ಞಾನಿ ಕಾಲ್ನಡಿಗೆಯಲ್ಲೂ ಕುದುರೆಯ ಮೇಲೂ ಅಳೆಯುತ್ತಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು 1858ರಲ್ಲಿ ಸೇರಿದ ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಇಂದಿನ ಓದುಗರು ಭಾರತದ ಪ್ರಾಗಿತಿಹಾಸದ ಪಿತಾಮಹನೆಂದು, ಹಳೆಯ ಶಿಲಾಯುಗದ ಕೊಡಲಿಯನ್ನು ಪಲ್ಲಾವರದಲ್ಲಿ ಹೆಕ್ಕಿದವರೆಂದು ಬಲ್ಲರು. ಆದರೆ ಅವರ ಬದುಕಿನ ಬಹುಪಾಲು ಕಳೆದದ್ದು ದಕ್ಷಿಣದ ಶಿಲೆಗಳ ನಕ್ಷೆ ಬಿಡಿಸುವುದರಲ್ಲಿ. ಗದಗಿನ ದಕ್ಷಿಣಕ್ಕೆ ಚಾಚಿರುವ ಕಪ್ಪತಗುಡ್ಡದ ಸಾಲನ್ನು ಅವರು ಡಂಬಳದ ಗುಡ್ಡಗಳೆಂದು ಕರೆದು, ಅಲ್ಲಿನ ಚಿನ್ನವಿರುವ ಶಿಲೆಗಳನ್ನು ಕುರಿತು 1874ರಲ್ಲಿ ಬರೆದರು. ಸೊರಟೂರಿನ ಕಡೆಯ ಹಳ್ಳಗಳ ಮರಳನ್ನು ಮರದ ಮರಿಗೆಯಲ್ಲಿ ತುಂಬಿ, ನೀರಿನಲ್ಲಿ ಅಲುಗಿಸಿ ತೊಳೆದು, ಕೊನೆಗೆ ತಳದಲ್ಲಿ ಉಳಿಯುವ ಕಪ್ಪು ಪುಡಿಯ ನಡುವಿನಿಂದ ಚಿನ್ನದ ಕಣವನ್ನು ಬೇರ್ಪಡಿಸುವ ಜಾಲಗಾರರ ಕಸುಬು ಆಗ ಇನ್ನೂ ಉಳಿದುಕೊಂಡಿತ್ತು. ಯಾವ ಹಳ್ಳದಲ್ಲಿ ಚಿನ್ನ ಹೆಚ್ಚು, ಯಾವುದರಲ್ಲಿ ಇಲ್ಲ ಎಂಬ ಅವರ ತಿಳಿವಳಿಕೆ ತಲೆಮಾರುಗಳದು. ಆ ತಿಳಿವಳಿಕೆಗೂ ಗುಡ್ಡದ ಶಿಲಾಪದರಗಳ ಹರವಿಗೂ ಸಂಬಂಧವಿದೆ ಎಂಬುದನ್ನು ಫೂಟ್ ಗುರುತಿಸಿದರು.

ಮುಂದೆ ಬಳ್ಳಾರಿ, ಮೈಸೂರು ಸೀಮೆಗಳನ್ನು ಸುತ್ತಿದ ಮೇಲೆ ಅವರಿಗೆ ಒಂದು ದೊಡ್ಡ ವಿನ್ಯಾಸ ಕಂಡಿತು. ದಕ್ಷಿಣದ ಪ್ರಸ್ಥಭೂಮಿಯ ಹಾಸುಗಲ್ಲಾದ ಬೂದುಬಣ್ಣದ ನೈಸ್ ಶಿಲೆಯ ನಡುವೆ, ಉತ್ತರ-ದಕ್ಷಿಣವಾಗಿ ಪಟ್ಟೆ ಪಟ್ಟೆಯಾಗಿ ಹಬ್ಬಿದ ಬೇರೊಂದು ಶಿಲಾಸಮೂಹವಿತ್ತು: ಕಪ್ಪು-ಹಸಿರು ಪದರಗಲ್ಲುಗಳು, ಲಾವಾ, ಉರುಟಾದ ಕಲ್ಲುಗಳು ಹುದುಗಿದ ಉಂಡೆಗಲ್ಲಿನ ಶಿಲೆ, ಸುಣ್ಣಗಲ್ಲು, ಕೆಂಪು-ಬಿಳಿ ಗೆರೆಗಳ ಕಬ್ಬಿಣಕಲ್ಲು. ದಕ್ಷಿಣ ಭಾರತದ ಚಿನ್ನವೆಲ್ಲ ಬಹುಮಟ್ಟಿಗೆ ಈ ಪಟ್ಟೆಗಳಲ್ಲಿಯೇ ಇತ್ತು. 1880ರ ದಶಕದ ಕೊನೆಯ ಬರಹಗಳಲ್ಲಿ ಫೂಟ್ ಇದಕ್ಕೆ ‘ಧಾರವಾಡ ವ್ಯವಸ್ಥೆ’ ಎಂದು ಹೆಸರಿಟ್ಟರು. ಜಗತ್ತಿನ ಯಾವ ಭಾಗದಲ್ಲಿ ಭೂಮಿಯ ಅತಿ ಹಳೆಯ ಶಿಲೆಗಳ ಮಾತು ಬಂದರೂ ಇಂದು ಧಾರವಾಡದ ಹೆಸರು ಕೇಳಿಬರುವುದಕ್ಕೆ ಈ ನಾಮಕರಣವೇ ಕಾರಣ.

ಆ ಉಂಡೆಗಲ್ಲಿನ ಶಿಲೆ ಸೂರ್ಯನ ಚರಿತ್ರೆಗೆ ಬಹಳ ಮುಖ್ಯವಾದದ್ದು. ಉರುಟಾದ ಕಲ್ಲೆಂದರೆ ಹರಿಯುವ ನೀರಿನಲ್ಲಿ ಉರುಳಿ ಮೂಲೆ ಸವೆದ ಕಲ್ಲು. ಹರಿಯುವ ನೀರಿದ್ದರೆ ಮಳೆಯಿತ್ತು, ಮಳೆಯಿದ್ದರೆ ಕಡಲಿನ ನೀರನ್ನು ಆವಿಯಾಗಿಸುವ ಬಿಸಿಲಿತ್ತು. ಆದರೆ ಈ ಸಾಕ್ಷ್ಯ ಸುಲಭವಾಗಿ ಒಪ್ಪಿತವಾಗಲಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಸ್ಥಾಪಿಸಿದ ಭೂವಿಜ್ಞಾನ ಇಲಾಖೆಗೆ ಫೂಟ್ ಅವರೇ ಮೊದಲ ಮುಖ್ಯಸ್ಥರಾಗಿದ್ದರೂ, ಅವರ ನಂತರ ಅದೇ ಇಲಾಖೆಯನ್ನು ನಡೆಸಿದ ಡಬ್ಲ್ಯು. ಎಫ್. ಸ್ಮೀತ್ ಧಾರವಾಡ ಶಿಲೆಗಳೆಲ್ಲ ಬೆಂಕಿಯಿಂದ ಹುಟ್ಟಿದವು, ಉಂಡೆಗಲ್ಲುಗಳಂತೆ ಕಾಣುವವು ನೆಲದೊಳಗಿನ ಒತ್ತಡದಲ್ಲಿ ನುಗ್ಗಾಗಿ ದುಂಡಾದ ಚೂರುಗಳು ಎಂದು ವಾದಿಸಿದರು. ಸ್ಮೀತರ ಅಧಿಕಾರ ಮತ್ತು ವಿದ್ವತ್ತಿನ ಕಾರಣ ಈ ಮತ ದಶಕಗಳ ಕಾಲ ಮೈಸೂರಿನಲ್ಲಿ ನಿಂತಿತು. ಇದೇ ಇಲಾಖೆಯ ಬಿ. ರಾಮರಾವ್ 1930ರ ದಶಕದಲ್ಲಿ ನೀರಲೆಗಳ ಗುರುತುಗಳನ್ನು, ಮಣ್ಣು ಪದರವಾಗಿ ಕೂತ ಕುರುಹುಗಳನ್ನು ತೋರಿಸಿ ಫೂಟ್ ಅವರ ಮೂಲ ತಿಳಿವಳಿಕೆಯನ್ನೇ ಮತ್ತೆ ಎತ್ತಿ ಹಿಡಿದರು. ಕನ್ನಡ ನಾಡಿನ ವಿಜ್ಞಾನ ಚರಿತ್ರೆಯಲ್ಲಿ ಈ ವಾದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಕೆರೆಯ ದಂಡೆಯ ಮರಳಿನ ಮೇಲೆ ಗಾಳಿ ಬೀಸಿದಾಗ ಮೂಡುವಂಥ ಸಣ್ಣ ಏರಿಳಿತದ ಗೆರೆಗಳು ಕಲ್ಲಿನ ಮೈಮೇಲೆ ಹಾಗೆಯೇ ಉಳಿದಿರುವುದನ್ನು ನಂಬಬೇಕೋ, ಪ್ರತಿಷ್ಠಿತ ಸಿದ್ಧಾಂತವನ್ನು ನಂಬಬೇಕೋ ಎಂಬ ಪ್ರಶ್ನೆಯಲ್ಲಿ ರಾಮರಾವ್ ಕಲ್ಲನ್ನು ನಂಬಿದರು.

ಅಷ್ಟರಲ್ಲಿ ಕಲ್ಲಿನ ವಯಸ್ಸನ್ನು ಎಣಿಸುವ ಗಡಿಯಾರ ಸಿಕ್ಕಿತ್ತು. 1896ರಲ್ಲಿ ಬೆಕೆರೆಲ್ ಕಂಡ ವಿಕಿರಣಪಟುತ್ವ, ಅಂದರೆ ಯುರೇನಿಯಂನಂಥ ಭಾರವಾದ ಪರಮಾಣುಗಳು ತಾವಾಗಿ ಒಡೆಯುತ್ತ ಬೇರೆ ಧಾತುಗಳಾಗುವ ಗುಣ, ಒಂದು ನಿಶ್ಚಿತ ವೇಗದಲ್ಲಿ ನಡೆಯುತ್ತದೆ. ರಾಮ್ಸೆಗೆ ಖನಿಜದೊಳಗೆ ಸಿಕ್ಕ ಹೀಲಿಯಂ ಈ ಒಡೆಯುವಿಕೆಯ ಉಳಿಕೆಯೇ ಆಗಿತ್ತು. ಯುರೇನಿಯಂ ಎಷ್ಟು ಉಳಿದಿದೆ, ಅದರಿಂದ ಹುಟ್ಟಿದ ಸೀಸ ಎಷ್ಟಿದೆ ಎಂದು ಅಳೆದರೆ ಖನಿಜದ ವಯಸ್ಸು ಹೊರಬೀಳುತ್ತದೆ. ಈ ವಿದ್ಯೆಯನ್ನು ಬೆಳೆಸಿದ ಆರ್ಥರ್ ಹೋಮ್ಸ್ 1955ರಲ್ಲಿ ದಕ್ಷಿಣ ಭಾರತದ ಪ್ರಾಚೀನ ಶಿಲೆಗಳ ಕಾಲನಿರ್ಣಯವನ್ನೂ ಕೈಗೆತ್ತಿಕೊಂಡರು. ಮುಂದಿನ ದಶಕಗಳ ಅಳತೆಗಳ ಪ್ರಕಾರ ಧಾರವಾಡ ಶಿಲಾಸಮೂಹದ ವಯಸ್ಸು ಸುಮಾರು 260ರಿಂದ 290 ಕೋಟಿ ವರ್ಷ. ಅದರ ಕೆಳಗಿನ ನೈಸ್ ಶಿಲೆ ಕೆಲವೆಡೆ 300 ಕೋಟಿಯನ್ನೂ ಮೀರಿದ್ದು. ಕೆಲ್ವಿನ್ನರು ಸೂರ್ಯನಿಗೆ ಕೊಟ್ಟ ಗರಿಷ್ಠ ಆಯುಸ್ಸಿನ ಐದು ಪಟ್ಟಿಗಿಂತಲೂ ಹಿಂದೆ ಧಾರವಾಡದ ಹೊಳೆಗಳು ಹರಿಯುತ್ತಿದ್ದವು. ಕುಗ್ಗುವ ಸೂರ್ಯ ಇಷ್ಟು ಕಾಲ ಬೆಳಗಿರಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಸೂರ್ಯನ ಒಲೆಯಲ್ಲಿ ಉರಿಯುವುದೇನು? ಉತ್ತರದ ಮೊದಲ ಸುಳಿವು 1920ರಲ್ಲಿ ಬಂತು. ಫ್ರಾನ್ಸಿಸ್ ಆಸ್ಟನ್ ಪರಮಾಣುಗಳ ತೂಕವನ್ನು ಬಹು ಸೂಕ್ಷ್ಮವಾಗಿ ಅಳೆದು, ನಾಲ್ಕು ಜಲಜನಕ ಪರಮಾಣುಗಳ ಒಟ್ಟು ತೂಕಕ್ಕಿಂತ ಒಂದು ಹೀಲಿಯಂ ಪರಮಾಣುವಿನ ತೂಕ ತುಸು ಕಡಿಮೆ ಎಂದು ತೋರಿಸಿದರು. ಕೊರತೆ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಆದರೆ ವಸ್ತುವೇ ಶಕ್ತಿಯಾಗಬಲ್ಲದೆಂಬ ಐನ್‌ಸ್ಟೈನರ ಸೂತ್ರದ ಪ್ರಕಾರ ಆ ಸಣ್ಣ ಕೊರತೆಯೇ ಅಪಾರ ಶಕ್ತಿ. ನಾಲ್ಕು ಜಲಜನಕ ಸೇರಿ ಒಂದು ಹೀಲಿಯಂ ಆಗುವುದಾದರೆ ಸೂರ್ಯ ಸಾವಿರಾರು ಕೋಟಿ ವರ್ಷ ಬೆಳಗಬಲ್ಲನೆಂದು ಆರ್ಥರ್ ಎಡಿಂಗ್ಟನ್ ಅದೇ ವರ್ಷ ಕಾರ್ಡಿಫ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಹೇಳಿದರು. ಜಮಖಂಡಿಯಲ್ಲಿ ಹರ್ಷೆಲ್ ಕಂಡ ಗೆರೆಗಳನ್ನು ಇಲ್ಲಿ ನೆನೆಯಬೇಕು: ಕೆಂಪು ಮತ್ತು ನೀಲಿ ಗೆರೆಗಳು ಸೂರ್ಯನ ಕಟ್ಟಿಗೆಯವಾದರೆ, ಕಿತ್ತಳೆಯ ಗೆರೆ ಆ ಕಟ್ಟಿಗೆ ಉರಿದು ಉಳಿಯುವ ಬೂದಿಯನ್ನು ತೋರಿಸಿತ್ತು.

ಸೂರ್ಯನಲ್ಲಿ ಅಷ್ಟು ಜಲಜನಕ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಬಿಸಿಯಾದ ಅನಿಲದಲ್ಲಿ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವ ಪ್ರಮಾಣವನ್ನು ತಿಳಿಸುವ ಸಮೀಕರಣವನ್ನು ಮೇಘನಾದ ಸಾಹಾ 1920ರಲ್ಲಿ ರೂಪಿಸಿದ್ದರು. ಅದನ್ನು ಬಳಸಿ ನಕ್ಷತ್ರಗಳ ರೋಹಿತವನ್ನು ಓದಿದ ಯುವ ವಿಜ್ಞಾನಿ ಸಿಸಿಲಿಯಾ ಪೇನ್ 1925ರಲ್ಲಿ, ನಕ್ಷತ್ರಗಳಲ್ಲಿ ಜಲಜನಕವೇ ಎಲ್ಲಕ್ಕಿಂತ ಬಹಳ ಹೆಚ್ಚೆಂದು ಕಂಡರು. ಹಿರಿಯರ ಒತ್ತಾಯಕ್ಕೆ ಆಕೆ ತಮ್ಮ ಪ್ರಬಂಧದಲ್ಲಿ ಈ ಫಲಿತಾಂಶವನ್ನು ನಂಬಲಾಗದ್ದೆಂದು ಬರೆಯಬೇಕಾಯಿತು; ನಾಲ್ಕೇ ವರ್ಷಗಳಲ್ಲಿ ಹಾಗೆ ಬರೆಸಿದ ಹಿರಿಯರೇ ಅದನ್ನು ನಿಜವೆಂದು ಒಪ್ಪಿದರು. 1938-39ರಲ್ಲಿ ಹ್ಯಾನ್ಸ್ ಬೇಥೆ ಈ ಕ್ರಿಯೆಯ ಮೆಟ್ಟಿಲುಗಳನ್ನು ಲೆಕ್ಕಹಾಕಿ ತೋರಿಸಿದರು. ಸೂರ್ಯನ ನಡುಗರ್ಭದಲ್ಲಿ ಶಾಖ ಸುಮಾರು ಒಂದೂವರೆ ಕೋಟಿ ಡಿಗ್ರಿ. ಅಲ್ಲಿ ಎರಡು ಪ್ರೋಟಾನುಗಳು, ಅಂದರೆ ಜಲಜನಕದ ಬೀಜಗಳು, ಡಿಕ್ಕಿ ಹೊಡೆದು ಒಂದಾಗುತ್ತವೆ. ಅವುಗಳಲ್ಲಿ ಒಂದು ನ್ಯೂಟ್ರಾನಾಗಿ ಮಾರ್ಪಟ್ಟು ಭಾರಜಲಜನಕದ ಬೀಜ ಹುಟ್ಟುತ್ತದೆ. ಅದಕ್ಕೆ ಮತ್ತೊಂದು ಪ್ರೋಟಾನು ಸೇರಿ ಹಗುರ ಹೀಲಿಯಂ ಆಗುತ್ತದೆ. ಅಂಥ ಎರಡು ಕೂಡಿದಾಗ ಎರಡು ಪ್ರೋಟಾನುಗಳು ಹೊರಬಿದ್ದು ಸಾಮಾನ್ಯ ಹೀಲಿಯಂ ಉಳಿಯುತ್ತದೆ. ಇದನ್ನೇ ಬೈಜಿಕ ಸಮ್ಮಿಲನ ಎನ್ನುತ್ತಾರೆ. ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಹೀಗೆ ಹೀಲಿಯಂ ಆಗುತ್ತ, ಅದರಲ್ಲಿ 40 ಲಕ್ಷ ಟನ್ನಿಗೂ ಮಿಕ್ಕಿದ ವಸ್ತು ಶಕ್ತಿಯಾಗಿ ಬದಲಾಗುತ್ತದೆ.

ಈ ಅಂಕಿಗಳನ್ನು ಕೇಳಿ ಸೂರ್ಯಗರ್ಭವನ್ನು ಸಿಡಿಯುವ ಬಾಂಬಿನಂತೆ ಕಲ್ಪಿಸಿಕೊಳ್ಳುವುದು ಸಹಜವಾದರೂ ನಿಜಸ್ಥಿತಿ ಬೇರೆ. ಒಂದು ಪ್ರೋಟಾನು ಲೆಕ್ಕವಿಲ್ಲದಷ್ಟು ಡಿಕ್ಕಿಗಳ ನಡುವೆ ಇನ್ನೊಂದರೊಡನೆ ಒಂದಾಗುವ ಅವಕಾಶಕ್ಕಾಗಿ ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕು. ಆದ್ದರಿಂದ ಸೂರ್ಯಗರ್ಭದ ಒಂದು ಘನ ಮೀಟರ್ ವಸ್ತು ಹೊಮ್ಮಿಸುವ ಶಕ್ತಿ 300 ವ್ಯಾಟಿಗಿಂತ ಕಡಿಮೆ. ಅಂದರೆ ಕುಂದಗೋಳದ ಹೊಲದ ಬದಿಯಲ್ಲಿ ಸಗಣಿ ಕಸ ಹಾಕಿ ಮಾಗಲು ಬಿಟ್ಟ ತಿಪ್ಪೆ ಅಷ್ಟೇ ಗಾತ್ರದಲ್ಲಿ ಹೊಮ್ಮಿಸುವ ಶಾಖದಷ್ಟು. ಸೂರ್ಯ ಅಷ್ಟು ಪ್ರಖರನಾಗಿರುವುದು ಗಾತ್ರದಿಂದ, ಇಷ್ಟು ದೀರ್ಘಾಯುವಾಗಿರುವುದು ನಿಧಾನದಿಂದ. ಗರ್ಭದಲ್ಲಿ ಹುಟ್ಟಿದ ಶಕ್ತಿ ಪರಮಾಣುಗಳ ಜಂಗುಳಿಯಲ್ಲಿ ತಾಕಿ, ತಿರುಗಿ, ಮತ್ತೆ ತಾಕಿ ಮೇಲ್ಮೈಗೆ ಬರಲು ಹತ್ತಾರು ಸಾವಿರ ವರ್ಷಗಳನ್ನೇ ತೆಗೆದುಕೊಂಡರೂ, ಅಲ್ಲಿಂದ 15 ಕೋಟಿ ಕಿಲೋಮೀಟರ್ ದಾಟಿ ಭೂಮಿಯನ್ನು ತಲುಪಲು ಬೆಳಕಿಗೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು ಸಾಕು.

ಬೇಥೆಯವರ ಲೆಕ್ಕಕ್ಕೆ ನೇರ ಸಾಕ್ಷಿ ಬೇಕಿತ್ತು. ಸಮ್ಮಿಲನದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣ ಯಾವುದಕ್ಕೂ ತಾಕದೆ ಸೂರ್ಯಗರ್ಭದಿಂದ ನೆಟ್ಟಗೆ ಹೊರಬರುತ್ತದೆ. ಭೂಮಿಯ ಮೇಲಿನ ಪ್ರತಿ ಚದರ ಸೆಂಟಿಮೀಟರನ್ನು ಸೆಕೆಂಡಿಗೆ ಆರು ಸಾವಿರ ಕೋಟಿಗೂ ಹೆಚ್ಚು ನ್ಯೂಟ್ರಿನೋಗಳು ಹಾದುಹೋಗುತ್ತವೆ. ಅವನ್ನು ಹಿಡಿಯಲು ಬೇರೆಲ್ಲ ಕಣಗಳನ್ನು ತಡೆಯುವಷ್ಟು ಆಳಕ್ಕೆ ಇಳಿಯಬೇಕು. ಫೂಟ್ ಅವರ ಚಿನ್ನದ ಶಿಲಾಪಟ್ಟೆಗಳಲ್ಲೊಂದಾದ ಕೋಲಾರದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ ಮತ್ತು ಬ್ರಿಟನ್ನಿನ ಡರ್ಹಂ ವಿಶ್ವವಿದ್ಯಾಲಯಗಳ ಜೊತೆ ಸೇರಿ 1965ರಲ್ಲಿ, ಭೂಮಿಯ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಗುರುತಿಸಿದರು. ಅವು ಸೂರ್ಯನವಲ್ಲ. ಸೂರ್ಯನ ನ್ಯೂಟ್ರಿನೋಗಳು ಸಿಕ್ಕಿದ್ದು ಅದಾದ ಮೂರು ವರ್ಷಗಳ ಮೇಲೆ, ಅಮೆರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ. ಅವು ನಿರೀಕ್ಷೆಯ ಮೂರನೆಯ ಒಂದು ಪಾಲು ಮಾತ್ರ ಇದ್ದುದು ಏಕೆಂಬುದು ಬಗೆಹರಿಯಲು ಈ ಶತಮಾನದ ಆರಂಭದವರೆಗೆ ಕಾಯಬೇಕಾಯಿತು. ದಾರಿಯಲ್ಲಿ ನ್ಯೂಟ್ರಿನೋಗಳು ರೂಪ ಬದಲಿಸುತ್ತವೆ ಎಂಬುದೇ ಉತ್ತರವಾಗಿತ್ತು, ಬೇಥೆಯವರ ಸೂರ್ಯ ನಿಜವಾಗಿದ್ದ.

ಸೂರ್ಯಗರ್ಭ ಹೀಗೆ ತಿಳಿದಂತಾದರೂ ಅವನ ಹೊರಮೈ ಒಗಟಾಗಿಯೇ ಉಳಿದಿತ್ತು. ಮೇಲ್ಮೈ ಶಾಖ ಸುಮಾರು 5,500 ಡಿಗ್ರಿ ಇದ್ದರೆ, ಅದರ ಹೊರಗಿನ ಕರೋನಾ ಹತ್ತು ಲಕ್ಷ ಡಿಗ್ರಿಯನ್ನೂ ಮೀರಿ ಕಾದಿದೆ. ಒಲೆಯಿಂದ ದೂರ ಹೋದಷ್ಟೂ ಬಿಸಿ ಹೆಚ್ಚುವ ಈ ವಿಚಿತ್ರವನ್ನು ಅರಿಯುವ ಅವಕಾಶ 1980ರ ಫೆಬ್ರುವರಿ 16ರ ಶನಿವಾರ ಒದಗಿತು. ಅಂದು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಚಂದ್ರನ ನೆರಳು ಕಾರವಾರದ ಕಡೆಯಿಂದ ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಪೂರ್ವಕ್ಕೆ ಓಡಿತು. ವೇಣು ಬಾಪು ಅವರ ನೇತೃತ್ವದ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ತಂಡಗಳು ಹುಬ್ಬಳ್ಳಿಯ ಬಳಿಯಲ್ಲೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲೂ ಶಿಬಿರ ಹೂಡಿದ್ದವು. ಆ ದಿನ ಬೀದಿಗಳು ಬರಿದಾಗಿದ್ದವು. ಗ್ರಹಣ ಹಿಡಿದಾಗ ಉಣ್ಣಬಾರದು, ಬಸುರಿಯರು ಹೊರಬರಬಾರದು ಎಂಬ ನಂಬಿಕೆಗೆ ಕಣ್ಣಿಗೆ ಅಪಾಯವೆಂಬ ಎಚ್ಚರಿಕೆಯೂ ಸೇರಿ ಹೆಚ್ಚಿನವರು ಬಾಗಿಲು ಹಾಕಿಕೊಂಡು ಕೂತರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬುದು ಸರಿಯೇ. ಆದರೆ ಬಿಂಬ ಪೂರ್ತಿ ಮುಚ್ಚಿದ ಎರಡು ನಿಮಿಷಗಳ ಹೊತ್ತು ಕರೋನಾವನ್ನು ನೋಡಲು ಯಾವ ಅಡ್ಡಿಯೂ ಇರಲಿಲ್ಲ. ತಮ್ಮ ಊರಿನ ನೆತ್ತಿಯ ಮೇಲೆಯೇ ಬಂದ ಆ ನೋಟವನ್ನು ಒಂದು ಇಡೀ ತಲೆಮಾರು ಕಳೆದುಕೊಂಡದ್ದು ದುಃಖದ ಸಂಗತಿ. ಆ ಗ್ರಹಣದಲ್ಲಿ ಬಾಪು ಮತ್ತು ಸಂಗಡಿಗರು ಅಳೆದದ್ದು, ಒಂಬತ್ತು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವಷ್ಟು ಕಾದ ಕಬ್ಬಿಣ ಕರೋನಾದಲ್ಲಿ ಮೂಡಿಸುವ ಕೆಂಪು ಗೆರೆಯನ್ನು. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆ ಸೇರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ, ಸೂರ್ಯಬಿಂಬವನ್ನು ತಾನೇ ಮರೆಮಾಡಿಕೊಂಡು ಅದೇ ಕರೋನಾವನ್ನು ನೋಡುತ್ತದೆ. ಅದನ್ನು ತಯಾರಿಸಿದ್ದೂ ಅದೇ ಸಂಸ್ಥೆ.

ಸೂರ್ಯನ ಶಕ್ತಿ ಭೂಮಿಯಲ್ಲಿ ಜೀವವಾಗುವ ಬಗೆಯನ್ನು ನೋಡಲು ಹುಬ್ಬಳ್ಳಿಯಿಂದ ನವಲಗುಂದದ ದಾರಿಯಲ್ಲಿ ಎರಡೂ ಬದಿಗೆ ಹಬ್ಬಿದ ಎರೆಹೊಲಗಳಿಗಿಂತ ಬೇರೆ ಪ್ರಯೋಗಶಾಲೆ ಬೇಡ. ಹಿಂಗಾರಿಯ ಬಿಳಿಜೋಳ ಮಳೆ ನಿಂತ ಮೇಲೆ, ಎರೆಮಣ್ಣು ಹಿಡಿದಿಟ್ಟ ತೇವವನ್ನೇ ನೆಚ್ಚಿ, ಬರಿಯ ಬಿಸಿಲಿನಲ್ಲಿ ಬೆಳೆಯುತ್ತದೆ. ಎಲೆಯೊಳಗಿನ ಪತ್ರಹರಿತ್ತು ಬೆಳಕನ್ನು ಹೀರಿ, ಆ ಬಲದಿಂದ ನೀರಿನ ಅಣುವನ್ನು ಒಡೆದು ಆಮ್ಲಜನಕವನ್ನು ಹೊರಬಿಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆಯನ್ನು ಕಟ್ಟುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಹತ್ತಿ, ಗೋಧಿ, ಕಡಲೆಗಳು ಇದನ್ನು ಹಳೆಯ ಕ್ರಮದಲ್ಲಿ ಮಾಡಿದರೆ, ಜೋಳ ಮತ್ತು ಕಬ್ಬು ಇಂಗಾಲವನ್ನು ಮೊದಲೇ ಒಂದೆಡೆ ಕೂಡಿಹಾಕಿಕೊಳ್ಳುವ ಇನ್ನೊಂದು ಕ್ರಮವನ್ನು ಬೆಳೆಸಿಕೊಂಡಿವೆ. ಇದರಿಂದ ಕಡು ಬಿಸಿಲಿನಲ್ಲೂ ಕಡಿಮೆ ನೀರಿನಲ್ಲೂ ಅವು ಸೊರಗದೆ ದುಡಿಯಬಲ್ಲವು. ಆದರೂ ಹೊಲದ ಮೇಲೆ ಬಿದ್ದ ಬಿಸಿಲಿನಲ್ಲಿ ಬೆಳೆಯಾಗಿ ಉಳಿಯುವುದು ನೂರಕ್ಕೆ ಒಂದೆರಡು ಪಾಲು. ಅಷ್ಟರಲ್ಲಿಯೇ ತೆನೆ, ಕಣಕಿ, ಅದನ್ನು ತಿನ್ನುವ ಎತ್ತು, ರೊಟ್ಟಿ ತಟ್ಟುವ ಕೈ ಎಲ್ಲವೂ ನಡೆಯುತ್ತವೆ. ಒಲೆಯ ಕಟ್ಟಿಗೆ ಕಳೆದ ಕೆಲವು ವರ್ಷಗಳ ಬಿಸಿಲು. 1880ರ ದಶಕದಲ್ಲಿ ಹುಬ್ಬಳ್ಳಿಗೆ ಬಂದ ಉಗಿಬಂಡಿಗಳನ್ನು ಓಡಿಸಿದ ಕಲ್ಲಿದ್ದಲು ಕೋಟ್ಯಂತರ ವರ್ಷಗಳ ಹಿಂದೆ ಹೂತುಹೋದ ಕಾಡುಗಳ ಬಿಸಿಲು.

ಬಿಸಿಲನ್ನು ಉಣ್ಣುವ ಈ ವಿದ್ಯೆ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ ಮತ್ತೆ ಧಾರವಾಡ ಶಿಲೆಗಳಲ್ಲಿಯೇ ಇದೆ. ಶಿವಮೊಗ್ಗದ ಕುಂಸಿ, ಚಿತ್ರದುರ್ಗದ ಭೀಮಸಮುದ್ರ, ಸಂಡೂರು ಮೊದಲಾದೆಡೆ ಈ ಸಮೂಹದ ಸುಣ್ಣಗಲ್ಲುಗಳಲ್ಲಿ ಈರುಳ್ಳಿಯ ಸುಳಿಗಳಂತೆ ಒಂದರ ಮೇಲೊಂದು ಬಾಗಿದ ತೆಳು ಪದರಗಳು ಕಾಣುತ್ತವೆ. ಸ್ಟ್ರೊಮ್ಯಾಟೊಲೈಟ್ ಎಂದು ಕರೆಯುವ ಇವು, ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಬಿಸಿಲಿಗೆ ಮೈಯೊಡ್ಡಿ ಬೆಳೆದ ಸೂಕ್ಷ್ಮಜೀವಿಗಳ ಹಾಸುಗಳು ಬಿಟ್ಟುಹೋದ ಗುರುತುಗಳು. ಅಂಥ ಜೀವಿಗಳು ಬಿಟ್ಟ ಆಮ್ಲಜನಕ ಕಡಲಿನಲ್ಲಿ ಕರಗಿದ್ದ ಕಬ್ಬಿಣದೊಡನೆ ಸೇರಿ ತುಕ್ಕಾಗಿ ತಳಕ್ಕೆ ಕೂತದ್ದೇ ಸಂಡೂರು, ಬಾಬಾಬುಡನಗಿರಿಗಳ ಗೆರೆಗೆರೆಯ ಕಬ್ಬಿಣಕಲ್ಲಾಯಿತು ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಇನ್ನೂ ಒಂದು ಸೋಜಿಗವಿದೆ. ಹೀಲಿಯಂ ಕೂಡುತ್ತ ಹೋದಂತೆ ಸೂರ್ಯ ನಿಧಾನವಾಗಿ ಪ್ರಖರನಾಗುತ್ತಾನೆ. ಆದ್ದರಿಂದ ಧಾರವಾಡದ ಹೊಳೆಗಳು ಹರಿದ ಕಾಲದಲ್ಲಿ ಅವನು ಇಂದಿಗಿಂತ ಸುಮಾರು ಐದನೆಯ ಒಂದು ಪಾಲು ಮಂದನಾಗಿದ್ದ. ಇಂದಿನಂಥ ಗಾಳಿಯೇ ಆಗಲೂ ಇದ್ದಿದ್ದರೆ ಭೂಮಿಯ ನೀರೆಲ್ಲ ಹೆಪ್ಪುಗಟ್ಟಿರಬೇಕಿತ್ತು. ಉರುಟಾದ ಕಲ್ಲುಗಳು ನೀರು ಹರಿಯಿತೆಂದೇ ಹೇಳುತ್ತವೆ. ಶಾಖವನ್ನು ಹಿಡಿದಿಡುವ ಅನಿಲಗಳು ಆಗಿನ ಗಾಳಿಯಲ್ಲಿ ಬಹಳ ಹೆಚ್ಚಾಗಿದ್ದಿರಬೇಕೆಂದು ವಿಜ್ಞಾನಿಗಳು ಊಹಿಸುವುದು ಇಂಥ ಕಲ್ಲುಗಳ ಸಾಕ್ಷ್ಯದ ಬಲದಿಂದ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿದ ತಾಣಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಶಿಲೆಗಳು, ಉಡುಪಿಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಸೇರಿವೆ. ಇಡೀ ಶಿಲಾಸಮೂಹಕ್ಕೆ ಹೆಸರು ಕೊಟ್ಟ ಧಾರವಾಡದಲ್ಲಿ ಅಂಥ ಒಂದು ಗುರುತೂ ಇಲ್ಲ. ಜಮಖಂಡಿಯಲ್ಲಿ ಹರ್ಷೆಲ್ ಕಂಡ ಗೆರೆಯ ನೆನಪಿಗೆ ಒಂದು ಕಲ್ಲನ್ನೂ, ಧಾರವಾಡದ ಗುಡ್ಡಗಳಲ್ಲಿ ಗಣಿಯ ಯಂತ್ರ ಮುಟ್ಟದ ಒಂದು ತುಣುಕು ಹಳೆಯ ಶಿಲೆಯನ್ನೂ ಈ ಸೀಮೆಯ ವಿಶ್ವವಿದ್ಯಾಲಯಗಳೂ ನಗರಸಭೆಗಳೂ ಈಗಲೇ ಗುರುತಿಸಿ ಕಾಪಾಡಬೇಕು.